ಚಿತ್ರ ಬರೆದವರು, ಚಿತ್ರ ಕಾಯ್ದವರು

ಗಲ್ಫಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನದ ನೆನಪು ಹೆಚ್ಚುಕಡಿಮೆ ಒಂದೇ. ಹೆಲ್ಮೆಟ್, ಸೇಫ್ಟಿ ಶೂ ಕೊಡುತ್ತಾರೆ. ಎ.ಸಿ. ಕೋಣೆಯಲ್ಲಿ ಕೂರಿಸಿ ವಿಡಿಯೊ ಹಾಕುತ್ತಾರೆ. ಅದರಲ್ಲಿ ಒಬ್ಬ ಕಾರ್ಟೂನ್ ಕೆಲಸಗಾರ ಬೆಲ್ಟ್ ಹಾಕಿಕೊಳ್ಳದೆ ಮೇಲೆ ಹತ್ತಿ ಬೀಳುತ್ತಾನೆ. ವಿಡಿಯೊ ಮುಗಿದ ಮೇಲೆ ಕಾಗದಕ್ಕೆ ಸಹಿ ಮಾಡಿ ಬಸ್ಸು ಹತ್ತುವುದು. ನಾನೂ ಹಾಗೆ ಸಹಿ ಮಾಡಿದವನೇ. ನಾನು ನೋಡಿದ ವಿಡಿಯೊಗಳಲ್ಲಿ ಮಾತು ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಕನ್ನಡದಲ್ಲಿ ಒಂದನ್ನೂ ನೋಡಿದ ನೆನಪಿಲ್ಲ. ಇನ್ನೊಂದು ಸಂಗತಿ ಆಗ ತಲೆಗೆ ಹೊಳೆದಿರಲಿಲ್ಲ. ಆ ಚಿತ್ರಗಳಲ್ಲಿ ತಪ್ಪು ಯಾವಾಗಲೂ ಬಿದ್ದವನದೇ. ಅವನು ಎಷ್ಟು ಗಂಟೆಯಿಂದ ಬಿಸಿಲಲ್ಲಿದ್ದ, ಅಟ್ಟಣಿಗೆ ಗಟ್ಟಿಯಾಗಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈಗ ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ. ಇಲ್ಲಿಂದ ಉತ್ತರಕ್ಕೆ ಸುಮಾರು 70 ಮೈಲಿ ಹೋದರೆ ಲೀಡ್ಸ್ ಪಟ್ಟಣ. ಆ ಊರಿನ ಕೆಲವು ಹೆಂಗಸರು ಕೆಲಸದ ಜಾಗದ ಸುರಕ್ಷತೆಯನ್ನು ಕಾರ್ಮಿಕರ ಕಡೆಯಿಂದ ನೋಡುವ ಕಾರ್ಟೂನ್ ಚಿತ್ರವೊಂದನ್ನು 1980ರಲ್ಲೇ ಮಾಡಿದ್ದರು. ಹೆಸರು ‘ರಿಸ್ಕಿ ಬಿಸಿನೆಸ್’. ಈ ದೇಶದಲ್ಲಿ 1974ರಲ್ಲಿ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯ ಕಾನೂನು ಬಂದಿತ್ತು. 1978ರಿಂದ ಕಾರ್ಮಿಕ ಸಂಘಗಳು ತಮ್ಮೊಳಗಿನ ಒಬ್ಬರನ್ನು ಸುರಕ್ಷತಾ ಪ್ರತಿನಿಧಿಯಾಗಿ ನೇಮಿಸುವ ಹಕ್ಕು ಪಡೆದಿದ್ದವು. ಹಕ್ಕು ಕಾಗದದ ಮೇಲೆ ಬಂದರೆ ಸಾಲದು, ಅದು ಕೆಲಸಗಾರರಿಗೆ ಗೊತ್ತಾಗಬೇಕು. ಆ ಹೊತ್ತಿಗೆ ಬಂದ ಚಿತ್ರ ಅದು. ಅದನ್ನು ಮಾಡಿದವರ ಕಥೆಯನ್ನು ನಮ್ಮವರಿಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಕಾರ್ಟೂನ್ ಚಿತ್ರ ಅಂದರೆ ಎಷ್ಟು ಕೆಲಸ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೆಗೆದರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷದ ಚಿತ್ರಕ್ಕೆ 7,200. ಆಗ ಕಂಪ್ಯೂಟರ್ ಇರಲಿಲ್ಲ. ಕಾಗದದ ಮೇಲೆ ಬರೆದು, ಪಾರದರ್ಶಕ ಹಾಳೆಗೆ ಗೆರೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಕ್ಯಾಮೆರಾದ ಕೆಳಗೆ ಒಂದೊಂದಾಗಿ ಇಟ್ಟು ತೆಗೆಯಬೇಕಿತ್ತು. ದೊಡ್ಡ ಸ್ಟುಡಿಯೊಗಳಲ್ಲಿ ಈ ಕೆಲಸಕ್ಕೆ ಮೇಲು ಕೀಳಿತ್ತು. ಪಾತ್ರ ಹುಟ್ಟಿಸುವವರು, ಚಲನೆ ಕೊಡುವವರು ಗಂಡಸರು. ಗೆರೆ ಇಳಿಸಿ ಬಣ್ಣ ತುಂಬುವವರು ಹೆಂಗಸರು. 1938ರಲ್ಲಿ ಡಿಸ್ನಿ ಸ್ಟುಡಿಯೊ ಕೆಲಸ ಕೇಳಿದ ಒಬ್ಬ ಹುಡುಗಿಗೆ ಬರೆದ ಪತ್ರದಲ್ಲಿ ಇದನ್ನೇ ಮುಚ್ಚುಮರೆಯಿಲ್ಲದೆ ತಿಳಿಸಿತ್ತು.

ಲೀಡ್ಸ್‌ನಲ್ಲಿ ಆದದ್ದು ಬೇರೆ. 1976ರಲ್ಲಿ ಕೆಲವು ಗೆಳತಿಯರು ಸೇರಿದರು. ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ ಬೇಕು ಎಂದು ಹೇಳುವ ಚಿತ್ರ ಮಾಡುವುದು ಅವರ ಉದ್ದೇಶವಾಗಿತ್ತು. ಆ ಚಿತ್ರ 1978ರಲ್ಲಿ ಹೊರಬಂತು. ಅದೇ ವರ್ಷ ಗುಂಪು ‘ಲೀಡ್ಸ್ ಅನಿಮೇಷನ್ ವರ್ಕ್‌ಶಾಪ್’ ಎಂಬ ಹೆಸರಿನಲ್ಲಿ ಸಂಸ್ಥೆಯಾಯಿತು. ಅದು ಒಬ್ಬ ಯಜಮಾನನ ಕಂಪನಿಯಲ್ಲ, ಹೆಂಗಸರೇ ಕೂಡಿ ನಡೆಸುವ ಸಂಘ. ಕಥೆ ಕಟ್ಟುವುದು, ಚಿತ್ರ ಬರೆಯುವುದು, ಬಣ್ಣ ಹಾಕುವುದು, ಲೆಕ್ಕ ಬರೆಯುವುದು, ಡಬ್ಬಿ ಕಟ್ಟಿ ಅಂಚೆಗೆ ಹಾಕುವುದು, ಎಲ್ಲವನ್ನೂ ಹಂಚಿಕೊಂಡು ಮಾಡಿದರು. ಆರಂಭದಿಂದ ಜೊತೆಗಿದ್ದವರಲ್ಲಿ ಟೆರಿ ರ‍್ಯಾಗ್ ಒಬ್ಬರು.

ನಾಟಿಂಗ್‌ಹ್ಯಾಮಿನವರಿಗೆ ಇಂಥ ಕೂಡುವಿಕೆಯ ಬೆಲೆ ಚೆನ್ನಾಗಿ ಗೊತ್ತಿರಬೇಕು. ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿ ಕಂಡುಹಿಡಿದ ವಿಲಿಯಂ ಲೀ ಇಲ್ಲಿಗೆ ಹತ್ತಿರದ ಕ್ಯಾಲ್ವರ್ಟನ್ ಹಳ್ಳಿಯವನು. ಆ ಯಂತ್ರಕ್ಕೂ ಹೆಸರು ‘ಫ್ರೇಮ್’ ಎಂದೇ. ಮುಂದೆ ಸಾವಿರಾರು ಮಂದಿ ತಮ್ಮ ಮನೆಯೊಳಗೇ ಫ್ರೇಮ್ ಇಟ್ಟುಕೊಂಡು ಹೆಣೆದು ಬದುಕಿದರು. ಎಷ್ಟೋ ಮನೆಗಳಲ್ಲಿ ಯಂತ್ರವೂ ಸ್ವಂತದ್ದಲ್ಲ, ವಾರಕ್ಕಿಷ್ಟು ಬಾಡಿಗೆ ಕಟ್ಟಬೇಕು. ಕೂಲಿ ಮಾಡಿದ ಮಾಲಿನ ಲೆಕ್ಕದಲ್ಲಿ. ಒಬ್ಬೊಬ್ಬನೇ ಮನೆಯಲ್ಲಿ ಕೂತು ದುಡಿಯುವವನಿಗೆ ಬೆಲೆ ಗೊತ್ತು ಮಾಡುವ ಶಕ್ತಿ ಇರುವುದಿಲ್ಲ. 1811ರಲ್ಲಿ ಅವರು ರಾತ್ರಿ ಗುಂಪು ಕಟ್ಟಿ ಫ್ರೇಮ್‌ಗಳನ್ನು ಒಡೆದರು. ‘ಲಡ್ಡೈಟ್’ ಎಂಬ ಹೆಸರು ಹುಟ್ಟಿದ್ದು ಹಾಗೆ. ಮರುವರ್ಷವೇ ಫ್ರೇಮ್ ಒಡೆದವರಿಗೆ ಮರಣದಂಡನೆ ವಿಧಿಸುವ ಕಾನೂನು ಬಂತು. ಇಲ್ಲಿನ ರಡಿಂಗ್ಟನ್ ಹಳ್ಳಿಯಲ್ಲಿ ಆ ಹೆಣಿಗೆಯವರ ಮ್ಯೂಸಿಯಂ ಇದೆ. ಅನಿಮೇಷನ್ ಮಾಡುವವನ ಬಾಳೂ ಬಹಳ ಬೇರೆಯಲ್ಲ: ಒಂದು ಕೋಣೆ, ಒಂದು ಮೇಜು, ಮುಗಿಯದ ಫ್ರೇಮ್‌ಗಳು, ಹೊರಗೆ ಯಾರಿಗೂ ಗೊತ್ತಾಗದ ದುಡಿಮೆ.

ಲೀಡ್ಸ್‌ನವರು ಕಂಡುಕೊಂಡ ಮುಖ್ಯ ಸತ್ಯವೆಂದರೆ, ಚಿತ್ರ ಮಾಡುವುದು ಅರ್ಧ ಕೆಲಸ ಮಾತ್ರ. ಹತ್ತು ನಿಮಿಷದ ಚಿತ್ರವನ್ನು ಟಾಕೀಸಿನವರು ಹಾಕುವುದಿಲ್ಲ. ಹಾಗಾಗಿ ಹಂಚಿಕೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಕಾರ್ಮಿಕ ಸಂಘದ ಸಭೆ, ಶಾಲೆ, ಮಹಿಳೆಯರ ಗುಂಪು ಹೀಗೆ ಕೇಳಿದವರಿಗೆ ಚಿತ್ರ ಕಳುಹಿಸಿದರು. ಚಿತ್ರ ನೋಡಿದ ಮೇಲೆ ಕೂತು ಮಾತಾಡಲೆಂದು ಪುಸ್ತಿಕೆಗಳನ್ನು ಮಾಡಿದರು. 1983ರಲ್ಲಿ ಬೀದಿಯಲ್ಲಿ ಹೆಂಗಸರನ್ನು ಪೀಡಿಸುವುದರ ಬಗ್ಗೆ, 1986ರಲ್ಲಿ ಬಡದೇಶಗಳ ರೈತರ ಬೆಳೆಯ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ, 1994ರಲ್ಲಿ ಆಫೀಸುಗಳಲ್ಲಿ ಹೆಂಗಸರು ಮೇಲೇರದಂತೆ ತಡೆಯುವ ಕಾಣದ ಗೋಡೆಯ ಬಗ್ಗೆ ಚಿತ್ರಗಳು ಬಂದವು.

1982ರ ನವೆಂಬರಿನಲ್ಲಿ ಚಾನೆಲ್ 4 ಎಂಬ ಹೊಸ ಟಿ.ವಿ. ವಾಹಿನಿ ಶುರುವಾಯಿತು. ಅದೇ ವರ್ಷ ಸಿನಿಮಾ ಕಾರ್ಮಿಕರ ಸಂಘ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮತ್ತು ಚಾನೆಲ್ 4 ಸೇರಿ ಒಂದು ಒಪ್ಪಂದಕ್ಕೆ ಬಂದವು. ಲಾಭಕ್ಕಲ್ಲದೆ ಕೂಡಿ ಕೆಲಸ ಮಾಡುವ ಚಿತ್ರಸಂಘಗಳಿಗೆ ವರ್ಷವಿಡೀ ಸಂಬಳ ಕೊಡುವ ವ್ಯವಸ್ಥೆ ಅದು. ನ್ಯೂಕ್ಯಾಸಲ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಹೀಗೆ ಲಂಡನ್ನಿನ ಹೊರಗೂ ಗುಂಪುಗಳು ಬೆಳೆದವು. ಆದರೆ ಹತ್ತು ವರ್ಷ ತುಂಬುವಷ್ಟರಲ್ಲಿ ಆ ಹಣ ಬತ್ತಿತು, ಹಲವು ಗುಂಪುಗಳು ಬಾಗಿಲು ಹಾಕಿದವು. ಲೀಡ್ಸ್‌ನವರು ಉಳಿದರು. ಹಳೆಯ ಚಿತ್ರಗಳನ್ನು ತಾವೇ ಕಾಯ್ದು, ತಾವೇ ಮಾರುತ್ತಿದ್ದುದರಿಂದ ಚಿಕ್ಕದಾದರೂ ಅವರದೇ ಒಂದು ವರಮಾನವಿತ್ತು. ಪಕ್ಕದ ಮ್ಯಾಂಚೆಸ್ಟರಿನಲ್ಲಿ ಇದೇ 1976ರಲ್ಲಿ ಹುಟ್ಟಿದ ಕಾಸ್‌ಗ್ರೋವ್ ಹಾಲ್ ಸ್ಟುಡಿಯೊ ‘ಡೇಂಜರ್ ಮೌಸ್’ ಧಾರಾವಾಹಿಯಿಂದ ದೇಶಕ್ಕೆಲ್ಲ ಗೊತ್ತಿತ್ತು. ಅದು 2009ರಲ್ಲಿ ಮುಚ್ಚಿತು. ಹೆಂಗಸರ ಈ ಸಣ್ಣ ಸಂಘ ನಲವತ್ತು ವರ್ಷ ದಾಟಿತು.

ಆ ಹೊತ್ತಿಗೆ ಕಾಲ ಬದಲಾಗಿತ್ತು. 1996ರಲ್ಲಿ ಬಂದ ‘ಫ್ಲ್ಯಾಶ್’ ಎಂಬ ಸಾಫ್ಟ್‌ವೇರ್‌ನಿಂದ ಬಣ್ಣ, ಫಿಲ್ಮು, ಕ್ಯಾಮೆರಾ ಯಾವುದೂ ಬೇಡವಾಯಿತು. ಒಬ್ಬನೇ ಕೂತು ಚಿತ್ರ ಮಾಡಬಹುದಿತ್ತು. ನಿಧಾನದ ಇಂಟರ್ನೆಟ್‌ನಲ್ಲೂ ಅದು ಓಡುತ್ತಿತ್ತು. ಹಂಚಿಕೆಯ ತೊಡಕನ್ನು ಬಿಡಿಸಿದವರಲ್ಲಿ ಅಮೆರಿಕದ ಟಾಮ್ ಫಲ್ಪ್ ಮುಖ್ಯನು. ಅವನ ‘ನ್ಯೂಗ್ರೌಂಡ್ಸ್’ ತಾಣದಲ್ಲಿ 2000ದಿಂದ ಯಾರು ಬೇಕಾದರೂ ತಮ್ಮ ಚಿತ್ರ ಹಾಕಬಹುದಾಯಿತು. ನೋಡುಗರೇ ಅಂಕ ಕೊಡಬೇಕು; ತೀರ ಕಡಿಮೆ ಅಂಕ ಬಿದ್ದದ್ದು ತಾನಾಗಿ ಅಳಿದುಹೋಗಬೇಕು. ನಮ್ಮೂರ ಬಯಲಾಟದಲ್ಲಿ ವೇಷ ಚೆನ್ನಾಗಿಲ್ಲದಿದ್ದರೆ ಜನ ಎದ್ದು ಚಹಾದಂಗಡಿಗೆ ಹೋಗುತ್ತಾರಲ್ಲ, ಹಾಗೆ. ಲೀಡ್ಸ್‌ಗೆ ಹತ್ತಿರದ ಡಾನ್‌ಕಾಸ್ಟರಿನ ಹುಡುಗ ಡೇವಿಡ್ ಫರ್ತ್ ಚಿತ್ರ, ಸಂಕಲನ, ಧ್ವನಿ ಎಲ್ಲ ತಾನೇ ಮಾಡಿ 2004ರಲ್ಲಿ ‘ಸ್ಯಾಲಡ್ ಫಿಂಗರ್ಸ್’ ಎಂಬ ಭಯ ಹುಟ್ಟಿಸುವ ಕಿರುಚಿತ್ರ ಹಾಕಿದಾಗ, ಯಾವ ಟಿ.ವಿ.ಯ ಹಂಗೂ ಇಲ್ಲದೆ ಅದು ಜಗತ್ತಿಗೆಲ್ಲ ಹರಡಿತು.

ಬಾಗಿಲು ಎಲ್ಲರಿಗೂ ತೆರೆಯಿತು ಎಂದುಕೊಂಡರೆ, ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮತ್ತೆ ಬಂತು. 2005ರಲ್ಲಿ ಯೂಟ್ಯೂಬ್ ಬಂತು, ಜನ ಅತ್ತ ಹೋದರು. 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕ ಬದಲಿಸಿತು. ಎಷ್ಟು ಜನ ನೋಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ ಬಂತು. ಮೂರು ತಿಂಗಳು ದುಡಿದು ಎರಡು ನಿಮಿಷದ ಚಿತ್ರ ಮಾಡುವವನಿಗೆ ಇದು ದೊಡ್ಡ ಪೆಟ್ಟು. ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಮಾತಾಡುವವನಿಗೆ ಲಾಭ. ಮುಂದೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಒಡೆತನದ ಅಡೋಬಿ ಕಂಪನಿ ಅದನ್ನು ನಿಲ್ಲಿಸಿತು. ಇಪ್ಪತ್ತು ವರ್ಷದ ಸಾವಿರಾರು ಚಿತ್ರಗಳು ಒಂದೇ ದಿನ ತೆರೆಯದ ಕಡತಗಳಾಗುತ್ತಿದ್ದವು. ಅವನ್ನು ಉಳಿಸಿದವರು ಕಂಪನಿಯವರಲ್ಲ. ‘ರಫಲ್’ ಎಂಬ ಉಚಿತ ತಂತ್ರಾಂಶ ಬರೆದ ಹವ್ಯಾಸಿಗಳು, ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯದವರು, ಹಳೆಯ ತಾಣಗಳನ್ನು ಬಿಡದೆ ನಡೆಸುತ್ತಿದ್ದವರು. ಇಲ್ಲಿ ಉತ್ತರ ಇಂಗ್ಲೆಂಡಿನಲ್ಲೂ ಹಾಗೆಯೇ: ಬ್ರಾಡ್‌ಫರ್ಡಿನ ಅನಿಮೇಷನ್ ಉತ್ಸವ ನಿಂತ ಮೇಲೆ 2015ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹೊಸ ಉತ್ಸವ ಶುರುವಾಯಿತು. ಒಂದು ಅಂಗಳ ಮುಚ್ಚಿದರೆ ಇನ್ನೊಂದನ್ನು ಗುಡಿಸಿ ನೀರು ಹಾಕುವವರು ಬೇಕು.

ನಮ್ಮ ಕರ್ನಾಟಕದಲ್ಲೂ ಇದಕ್ಕೆ ಉದಾಹರಣೆ ಇದೆ. ಗೋವಿನ ಹಾಡಿನ ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡಿಗ ಯಾರು? ಬೆಂಗಳೂರಿನ ರವಿಶಂಕರ್ ವಿ. ಅದನ್ನು ಸಂಸ್ಕೃತದಲ್ಲಿ ಪೂರ್ಣಾವಧಿ ಅನಿಮೇಷನ್ ಚಿತ್ರವಾಗಿ ಮಾಡಿದರು. ಹಣ ಬಂದದ್ದು ಜನರ ವಂತಿಗೆಯಿಂದ. ಚಿತ್ರ ಬರೆದವರು ಬೇರೆಬೇರೆ ಊರುಗಳಲ್ಲಿ ಕೂತು ಇಂಟರ್ನೆಟ್ ಮೂಲಕ ಕೈಜೋಡಿಸಿದ ಕಲಾವಿದರು. ಸಂಗೀತ ಇಳಯರಾಜ ಅವರದು. ವರ್ಷಗಟ್ಟಲೆ ದುಡಿದ ಮೇಲೆ 2020ರಲ್ಲಿ ಚಿತ್ರ ಬಿಡುಗಡೆಯಾಯಿತು. ಅಷ್ಟು ದೂರದ ಕೈಗಳನ್ನು ಅಷ್ಟು ಕಾಲ ಒಂದೆಡೆ ಹಿಡಿದಿಡುವುದು ಚಿತ್ರ ಬರೆಯುವುದಕ್ಕಿಂತ ಸುಲಭವಲ್ಲ.

ಮತ್ತೆ ಲೀಡ್ಸ್‌ಗೆ ಬರೋಣ. 2015ರಲ್ಲಿ ಆ ಸಂಘದವರು ‘ದೇ ಕಾಲ್ ಅಸ್ ಮೇಡ್ಸ್’ ಎಂಬ ಕಿರುಚಿತ್ರ ಮಾಡಿದರು. ಬಡದೇಶದ ತನ್ನ ಮಕ್ಕಳನ್ನು ಬಿಟ್ಟು ಪರದೇಶದಲ್ಲಿ ಬೇರೆಯವರ ಮನೆಗೆಲಸಕ್ಕೆ ಹೋಗುವ ಹೆಂಗಸರ ಕಥೆ. ಮನೆಗೆಲಸದವರೇ ಕಟ್ಟಿಕೊಂಡ ಸಂಘಟನೆಯ ಜೊತೆ ಕೂತು, ಅವರ ಬಾಯಿಂದಲೇ ಕೇಳಿ ಮಾಡಿದ್ದು. ಬ್ರಿಟನ್ 2012ರಲ್ಲಿ ಅಂಥವರ ವೀಸಾ ನಿಯಮ ಬದಲಿಸಿ, ಅವರು ಮಾಲೀಕನನ್ನು ಬಿಟ್ಟು ಬೇರೆ ಮನೆಗೆ ಹೋಗುವ ಹಕ್ಕನ್ನು ಕಿತ್ತುಕೊಂಡಿತ್ತು. ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಕೊಂಡಿರುವುದು ಎಂದರೇನು ಎಂದು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. 1980ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ಚಿತ್ರ ಬರೆದ ಸಂಘ ಮೂವತ್ತೈದು ವರ್ಷದ ನಂತರ ಈ ಕಥೆ ಹೇಳಲು ಉಳಿದಿತ್ತಲ್ಲ, ಅದೇ ದೊಡ್ಡ ಮಾತು.

ಕೊನೆಗೊಂದು ಲೆಕ್ಕ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಗಲ್ಫಿನ ಉಳಿದ ದೇಶಗಳಲ್ಲೂ ಇಂಥ ನಿಯಮಗಳಿವೆ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಅದನ್ನು ಅವನ ಭಾಷೆಯಲ್ಲಿ, ಅವನ ಪಕ್ಕ ನಿಂತು ಹೇಳುವ ಎರಡು ನಿಮಿಷದ ಕನ್ನಡ ಚಿತ್ರಕ್ಕೆ ಬೇಕಾದದ್ದು 1,440 ಚಿತ್ರ. ಇಪ್ಪತ್ತನಾಲ್ಕು ಮಂದಿ ಕೂತರೆ ತಲೆಗೆ ಅರವತ್ತು. ಕ್ಯಾಂಪಿನಲ್ಲಿ ಫೋನಿನ ಮೇಲೆ ಬೆರಳಲ್ಲೇ ಚೆಂದ ಚಿತ್ರ ಬಿಡಿಸುವ ಹುಡುಗರನ್ನು ನೀವೂ ನೋಡಿರುತ್ತೀರಿ. ಕೆಲವು ರಜೆಯ ದಿನಗಳ ಕೆಲಸ. ಆದರೆ ಬರೆಯಲು ಕೂರುವ ಮೊದಲು ಇನ್ನೊಂದನ್ನು ಗೊತ್ತು ಮಾಡಿಕೊಳ್ಳಬೇಕು: ಮೂಲ ಕಡತ ಯಾರ ಬಳಿ ಇರುತ್ತದೆ, ಪ್ರತಿ ವರ್ಷ ಜೂನ್ ಬಂದಾಗ ಅದನ್ನು ಹೊಸಬರಿಗೆ ತೋರಿಸುವವರು ಯಾರು, ಅವರು ವೀಸಾ ಮುಗಿದು ಊರಿಗೆ ಹೊರಟಾಗ ಯಾರಿಗೆ ಒಪ್ಪಿಸಿ ಹೋಗುತ್ತಾರೆ. ಬಂದು ಹೋಗುವವರೇ ನಡೆಸುವ ನಮ್ಮ ಸಂಘಗಳಲ್ಲಿ ಆ ಹೆಸರು ಮೊದಲು ಬರೆದಿಡಬೇಕಾದದ್ದು.