ದೂರದ ದರ್ಬಾರಿನ ವಿರುದ್ಧ ಜನ ಯಾಕೆ ತಿರುಗಿ ಬೀಳ್ತಾರೆ? ಶಿರಾದಿಂದ ಬಾಸ್ಟನ್‌ವರೆಗೆ ಒಂದು ವಿವರಣೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಮ್ಮ ಮಧುಗಿರಿ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲೂಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ ಆಗಿರೋದರಿಂದ ಪಟ್ಟಿಯಲ್ಲಿ ತುಮಕೂರಿನ ಜೊತೆಗೆ ನಮ್ಮ ಹೆಸರೂ ಬೇರೆಯಾಗಿ ಬರುತ್ತೆ. ಮಾರನೇ ದಿನ ಮತ್ತೆ ನಾವು ತುಮಕೂರು ಜಿಲ್ಲೆಯವರೇ. ಪಾವಗಡದವರು ಡಿಸಿ ಆಫೀಸಿಗೆ ಹೋಗಬೇಕಂದ್ರೆ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂರಬೇಕು. ಮಧುಗಿರಿ ಪೂರ್ಣ ಪ್ರಮಾಣದ ಜಿಲ್ಲೆ ಆಗಬೇಕು ಅನ್ನೋ ಬೇಡಿಕೆಯನ್ನು ನಾನು ಹುಡುಗನಾಗಿದ್ದಾಗಿಂದ ಕೇಳ್ತಾ ಬಂದಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಕಾಲೇಜು ಹುಡುಗನೊಬ್ಬ ಕೇಳಿದ: "ಅಣ್ಣ, ಇಷ್ಟು ವರ್ಷದಿಂದ ಮನವಿ ಕೊಡ್ತಾನೇ ಇದ್ದೀವಿ. ಅಮೆರಿಕದವರು ಟೀ ಪುಡಿಗೆ ತೆರಿಗೆ ಹಾಕಿದ್ದಕ್ಕೇ ದಂಗೆ ಎದ್ದರಂತೆ. ನಮ್ಮಲ್ಲಿ ಯಾಕೆ ಆಗಲ್ಲ?" ಒಳ್ಳೆ ಪ್ರಶ್ನೆ. ಉತ್ತರಕ್ಕೆ ಬೇಕಾದ ಅರ್ಧ ಸಾಕ್ಷಿ ನಮ್ಮ ನಾಲ್ಕು ತಾಲೂಕಿನಲ್ಲೇ ಸಿಗುತ್ತೆ.

ತೆರಿಗೆ ಜಾಸ್ತಿ ಆದ್ರೆ ದಂಗೆ ಆಗುತ್ತಾ?

ಅಷ್ಟೇ ಅಲ್ಲ. ಬಾಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಬಿತ್ತು. ಅದು ಈಸ್ಟ್ ಇಂಡಿಯಾ ಕಂಪನಿಯ ಸರಕು. ಆ ವರ್ಷ ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಕಾನೂನಿನಿಂದ ಕಂಪನಿಯ ಟೀ ಮೊದಲಿಗಿಂತ ಅಗ್ಗವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಇದ್ದವರಿಗೆ ಹೋಲಿಸಿದರೆ ಅಮೆರಿಕದ ವಸಾಹತುಗಾರರು ಕಟ್ಟುತ್ತಿದ್ದ ತೆರಿಗೆಯೂ ಕಡಿಮೆಯೇ.

ಹಾಗಾದ್ರೆ ಸಿಟ್ಟು ಯಾಕೆ? ಅಲ್ಲಿನ ಹದಿಮೂರು ವಸಾಹತುಗಳಲ್ಲಿ ಆಗಲೇ ತಮ್ಮದೇ ಶಾಸನಸಭೆಗಳಿದ್ದವು. ತೆರಿಗೆ ಹಾಕುವುದು, ಖರ್ಚು ಮಾಡುವುದು ಅಭ್ಯಾಸವಾಗಿತ್ತು. 1763ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧ ಮುಗಿದಾಗ ಲಂಡನ್ ಸಾಲದಲ್ಲಿ ಮುಳುಗಿತ್ತು. ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ ಸರ್ಕಾರ 1765ರ ಸ್ಟಾಂಪ್ ಕಾಯ್ದೆಯ ಮೂಲಕ ನೇರವಾಗಿ ಜೇಬಿಗೆ ಕೈ ಹಾಕಿತು. ಇವರ ಪ್ರತಿನಿಧಿ ಒಬ್ಬನೂ ಇಲ್ಲದ ಪಾರ್ಲಿಮೆಂಟಿನಲ್ಲಿ ಆದ ತೀರ್ಮಾನ ಅದು.

ಅಂದರೆ ದಂಗೆಗೆ ಮೂರು ಬೇಕು. ಸ್ಥಳೀಯರಿಗೆ ತಮ್ಮ ಆಡಳಿತ ತಾವೇ ನಡೆಸಿದ ಅನುಭವ. ಹಳೇ ಒಪ್ಪಂದವನ್ನು ದೂರದವರು ಏಕಪಕ್ಷೀಯವಾಗಿ ಮುರಿಯುವುದು. ಆಮೇಲೆ, ದೂರು ಹೇಳಿಕೊಳ್ಳುವ ದಾರಿ ಮುಚ್ಚಿರುವುದು.

ಶಿರಾದಲ್ಲಿ ಏನಾಗಿತ್ತು?

ಬಿಜಾಪುರ 1686ರಲ್ಲಿ ಔರಂಗಜೇಬನ ಕೈಗೆ ಬಿತ್ತು. ಮರುವರ್ಷ ಶಿರಾ ಮೊಘಲರ ಹೊಸ ಪ್ರಾಂತ್ಯದ ರಾಜಧಾನಿ ಆಯ್ತು. ಶಿರಾ, ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಈ ಏಳು ಪರಗಣೆಗಳಲ್ಲಿ ನೇರ ಆಡಳಿತ. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರಿನಂಥವು ಕಪ್ಪ ಕೊಡುವ ಸಂಸ್ಥಾನಗಳು. ಮೊದಲ ಅಧಿಕಾರಿ ಕಾಸಿಂ ಖಾನ್. ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟವನು ಇವನೇ.

ನಮ್ಮ ಪಾಳೇಗಾರರ ಸ್ಥಿತಿ ಅಮೆರಿಕದ ಶಾಸನಸಭೆಗಳನ್ನು ಒಂದು ವಿಷಯದಲ್ಲಿ ಹೋಲುತ್ತೆ. ಕೋಟೆ ಅವರದು, ಕಂದಾಯ ವಸೂಲಿ ಅವರದು, ಕಾಲಾಳು ಅವರದು. ಚಕ್ರವರ್ತಿಗೆ ಸಲ್ಲಬೇಕಾದ್ದು ಕಪ್ಪ ಮಾತ್ರ. ಅದನ್ನೂ ಸೈನ್ಯ ಬಾಗಿಲಿಗೆ ಬಂದಾಗ ಕೊಡೋದು, ಹೋದ ಮೇಲೆ ಬಾಕಿ ಇಡೋದು. ಸಾಮ್ರಾಜ್ಯಕ್ಕೂ ಅದು ಗೊತ್ತಿತ್ತು.

ಈ ಹೊಂದಾಣಿಕೆ ಹದಗೆಟ್ಟಾಗ ಏನಾಗುತ್ತೆ ಅನ್ನೋದಕ್ಕೆ 1695ರ ದೊಡ್ಡೇರಿ ಸಾಕ್ಷಿ. ಇವತ್ತಿನ ಚಳ್ಳಕೆರೆ ತಾಲೂಕಿನ ಆ ಊರಿನಲ್ಲಿ ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆ ಕಾಸಿಂ ಖಾನನ ಸೈನ್ಯವನ್ನು ಸುತ್ತುಗಟ್ಟಿದ. ಕಪ್ಪ ಕೊಡಬೇಕಿದ್ದ ಚಿತ್ರದುರ್ಗದ ನಾಯಕ ಮರಾಠರ ಕಡೆ ನಿಂತ. ಒಳಗಿದ್ದ ಸೈನ್ಯ ಅನ್ನಕ್ಕೆ ಪರದಾಡಿ ಶರಣಾಯ್ತು. ಕಾಸಿಂ ಖಾನ್ ಅಲ್ಲೇ ಸತ್ತ. ವಿಷ ತೆಗೆದುಕೊಂಡ ಎಂಬ ಮಾತೂ ಇದೆ. ಅಮೆರಿಕದವರಿಗೆ ಫ್ರಾನ್ಸ್ ನೆರವಾದಂತೆ ಇಲ್ಲಿ ಸ್ಥಳೀಯ ಸಿಟ್ಟಿಗೂ ಹೊರಗಿನ ಬಲಕ್ಕೂ ಕೈ ಕೂಡಿತ್ತು.

1707ರಲ್ಲಿ ಔರಂಗಜೇಬ ಸತ್ತ ಮೇಲೆ ಶಿರಾದ ಹಿಡಿತ ಸಡಿಲವಾಗ್ತಾ ಹೋಯ್ತು. 1757ರಲ್ಲಿ ಶಿರಾವನ್ನು ಮರಾಠರು ಹಿಡಿದರು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೈದರಾಲಿಗೆ "ಶಿರಾದ ನವಾಬ" ಅಂತ ಪದವಿ ಕೊಟ್ಟ. ಕೊಟ್ಟವನ ಕೈಯಲ್ಲಿ ಆಗ ಶಿರಾ ಇರಲೇ ಇಲ್ಲ! ಹೈದರ್ ಹೋಗಿ ಗೆದ್ದುಕೊಂಡ.

ದೂರ ಅಂದ್ರೆ ಕಿಲೋಮೀಟರ್ ಮಾತ್ರಾನಾ?

ಇಂಜಿನಿಯರಿಂಗ್‌ನಲ್ಲಿ ಓದಿದ್ದರಲ್ಲಿ ನನಗೆ ಈಗಲೂ ಉಪಯೋಗಕ್ಕೆ ಬರೋದು ಕಂಟ್ರೋಲ್ ಸಿಸ್ಟಮ್ಸ್‌ನ ಒಂದು ಪಾಠ. ಯಂತ್ರದ ಸ್ಥಿತಿ ಏನು ಅನ್ನೋ ಫೀಡ್‌ಬ್ಯಾಕ್ ತಡವಾಗಿ ಬಂದರೆ, ಸರಿಮಾಡಲು ಹೋದ ಕೈಯೇ ಯಂತ್ರವನ್ನು ಕೆಡಿಸುತ್ತೆ. ಬಾಸ್ಟನ್‌ನಿಂದ ಲಂಡನ್‌ಗೆ ಪತ್ರ ಹಡಗಿನಲ್ಲಿ ಹೋಗಿ ಉತ್ತರ ಬರೋಕೆ ತಿಂಗಳುಗಳು. ಜನ ಇವತ್ತು ಕೇಳಿದ್ದಕ್ಕೆ ಮೂರ್ನಾಲ್ಕು ತಿಂಗಳ ಹಿಂದಿನ ಪರಿಸ್ಥಿತಿಗೆ ತಕ್ಕ ಉತ್ತರ ಬರುತ್ತಿತ್ತು.

ಆದರೆ ದೂರ ಇರೋದು ಮಧ್ಯವರ್ತಿಗಳಲ್ಲೂ ಹೌದು. ಅರಮನೆ ಮೈಸೂರಿನಲ್ಲೇ ಇದ್ದರೂ 1830ರಲ್ಲಿ ದಂಗೆ ಆಯ್ತಲ್ಲ, ಅದು ಹೀಗೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕೊಡಬೇಕಿತ್ತು. ಖಜಾನೆ ಬರಿದಾದಾಗ ಬಂದದ್ದು ಶರತ್ತು ಪದ್ಧತಿ. ಅಮಲ್ದಾರ ಇಂತಿಷ್ಟು ಕಂದಾಯ ತರ್ತೀನಿ ಅಂತ ಬರೆದುಕೊಡಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅಮಲ್ದಾರ ಕೈಯಿಂದ ತುಂಬ್ತಾನಾ? ರೈತನ ಮೇಲೆ ಬಿದ್ದ. ಧಾನ್ಯದ ಬೆಲೆ ಬೇರೆ ಕುಸಿದಿತ್ತು. ನಗರ ಸೀಮೆಯ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯ ನಿಲ್ಲಿಸಿದರು. ಬಿದನೂರಿನ ವಾರಸುದಾರ ತಾನೆಂದು ಬೂದಿ ಬಸವಪ್ಪ ಮುಂದೆ ಬಂದ, ತರೀಕೆರೆ ಪಾಳೇಗಾರ ಸೇರಿಕೊಂಡ.

ಫಲ ಏನು? 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿತು. ದಂಗೆಗೆ ಕಾರಣ ಏನು ಅನ್ನೋ ತನಿಖಾ ವರದಿ ಬಂದದ್ದು 1833ರಲ್ಲಿ. ಹತ್ತಿರದ ಅರಮನೆ ವಿರುದ್ಧ ಎದ್ದ ರೈತರಿಗೆ ಸಿಕ್ಕಿದ್ದು 50 ವರ್ಷದ ಕಮಿಷನರ್ ಆಡಳಿತ.

ದಂಗೆ ಎದ್ದವರೆಲ್ಲ ಜನರ ಪರಾನಾ?

ಇಲ್ಲಿ ನಾವು ಭಾವುಕರಾಗಬಾರದು. ಪಾಳೇಗಾರ ಶಿರಾಕ್ಕೆ ಕಪ್ಪ ನಿಲ್ಲಿಸಿದ ಅಂದ ಮಾತ್ರಕ್ಕೆ ಕೊರಟಗೆರೆಯ ಒಕ್ಕಲಿನ ಕಂದಾಯ ಕಡಿಮೆ ಆಗಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ನೂರಾರು ಗುಲಾಮರ ಒಡೆಯ. ಅಪಲಾಚಿಯನ್ ಬೆಟ್ಟದಾಚೆ ಮೂಲನಿವಾಸಿಗಳ ಜಾಗಕ್ಕೆ ನುಗ್ಗಬೇಡಿ ಅಂತ 1763ರಲ್ಲಿ ರಾಜಾಜ್ಞೆ ಬಂದದ್ದೂ ವಸಾಹತುಗಾರರ ಸಿಟ್ಟಿಗೆ ಒಂದು ಕಾರಣ. ಸ್ವಾತಂತ್ರ್ಯದ ಕೂಗಿನಲ್ಲಿ ಯಾರ ದನಿ ಇತ್ತು, ಯಾರದ್ದು ಇರಲಿಲ್ಲ ಅಂತ ಪ್ರತಿ ಸಲ ಕೇಳಲೇಬೇಕು.

ಹಾಗಾದ್ರೆ ನಮ್ಮಲ್ಲಿ?

1881ರಲ್ಲಿ ಆಡಳಿತ ವಾಪಸ್ ಬಂದಾಗ ದಿವಾನ್ ರಂಗಾಚಾರ್ಲು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕರೆದರು. ಇದ್ದವರು ಬಹುಪಾಲು ಜಮೀನ್ದಾರರು, ವ್ಯಾಪಾರಿಗಳು. ಹೇಳಬಹುದಿತ್ತು, ತೀರ್ಮಾನಿಸುವಂತಿರಲಿಲ್ಲ. ಆ ಅರ್ಧ ದಾರಿ ಸಾಲದು ಅಂತ ಹೊಸ ತಲೆಮಾರು ಜವಾಬ್ದಾರಿ ಸರ್ಕಾರ ಕೇಳಿತು. 1938ರ ಏಪ್ರಿಲ್ 25ರಂದು ನಮ್ಮ ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ಸ್ಮಾರಕದಲ್ಲಿ 32 ಹುತಾತ್ಮರನ್ನು ನೆನೆಯುತ್ತಾರೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಮ್ಮಲ್ಲಿ ದಂಗೆ ಆಗದಿರೋದು ನಾವು ಹೇಡಿಗಳು ಅಂತ ಅಲ್ಲಪ್ಪ. ನಾಲ್ಕು ತಾಲೂಕಿಗೆ ನಾಲ್ಕು ಶಾಸಕರನ್ನು ಕಳಿಸೋದು, ಬೇಡವಾದರೆ ಬದಲಾಯಿಸೋದು ನಮ್ಮ ಕೈಲಿದೆ. ಬಾಸ್ಟನ್‌ನವರಿಗೆ ಪಾರ್ಲಿಮೆಂಟಿನಲ್ಲಿ ಒಂದು ಸೀಟೂ ಇರಲಿಲ್ಲ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ಸರ್ಕಾರ ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾದದ್ದು ಮಾತುಕತೆಯಿಂದ. ಆದರೆ ಆ ಮಾತುಕತೆ ಪಟ್ಟಾ ಇದ್ದವರ ಜೊತೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದವರಿಗೆ ಬಾಡಿಗೆ ಬರಲಿಲ್ಲ.

ಹಾಗಾಗಿ ಜಿಲ್ಲೆ ಕೇಳೋಣ, ಜೋರಾಗೇ ಕೇಳೋಣ. ಕೇಳುವಾಗ ಆ ಕೂಲಿಯವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳೋಣ. ಇಲ್ಲದಿದ್ದರೆ ಡಿಸಿ ಆಫೀಸು ಮಧುಗಿರಿಗೆ ಬಂದರೂ ಅವರಿಗೆ ಅದು ನೂರು ಕಿಲೋಮೀಟರ್ ದೂರದಲ್ಲೇ ಇರುತ್ತೆ.