ಕರೆಂಟ್ ಬಾರದ ಜೀಪು

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಹಳೆಯ ಲೆಕ್ಕದ ಪುಸ್ತಕಗಳನ್ನು ಓದುವುದು ನನ್ನ ಪಿಎಚ್.ಡಿ. ಕೆಲಸದ ಒಂದು ಭಾಗ. ಕೂಲಿ, ಮುಂಗಡ, ಗೊಬ್ಬರ, ಅಕ್ಕಿಯ ಲೆಕ್ಕಗಳ ನಡುವೆ ಮಳೆಗಾಲ ಹಿಡಿದೊಡನೆ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ಜೀಪು ರಿಪೇರಿ. ಏನು ಕೆಟ್ಟಿತ್ತು, ಯಾರು ಸರಿಮಾಡಿದರು ಎಂಬುದಿಲ್ಲ. ಎರಡು ವರ್ಷ ಆ ಸಾಲನ್ನು ದಾಟಿಕೊಂಡೇ ಹೋಗಿದ್ದೆ. ಕಳೆದ ಜುಲೈನಲ್ಲಿ ಜೀಪೇ ನನ್ನನ್ನು ನಿಲ್ಲಿಸಿತು.

ಗೆಳೆಯನ ಮನೆಯ ಹಳೆಯ ಪೆಟ್ರೋಲ್ ಜೀಪು ಅದು. ವಾರವಿಡೀ ಶೆಡ್ಡಿನಲ್ಲಿ ನಿಂತಿತ್ತು. ಸೆಲ್ಫ್ ಹೊಡೆದರೆ ಇಂಜಿನ್ ಗಿರಗಿರನೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಊರಿನ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಎಪ್ಪತ್ತು ದಾಟಿದವರು, ಕೆಲಸ ಬಿಟ್ಟು ಬಹಳ ಕಾಲವಾಗಿದೆ. ಬಾನೆಟ್ ಎತ್ತುವ ಮೊದಲೇ, “ಬ್ಯಾಟ್ರಿ ಸರಿಯಾಗದೆ, ಇಲ್ದಿದ್ರೆ ಹಿಂಗೆ ತಿರುಗ್ತಿರ್ಲಿಲ್ಲ” ಎಂದರು. ಕಾರ್ಬೊರೇಟರಿಗೆ ಪೆಟ್ರೋಲ್ ಬರುತ್ತಿರುವುದನ್ನು ನೋಡಿದರು. ಕಾಯಿಲ್‌ನಿಂದ ಡೆಲ್ಕೊ ಮುಚ್ಚಳಕ್ಕೆ ಹೋಗುವ ದಪ್ಪ ವೈರನ್ನು ಕಿತ್ತು, ಒಣಬಟ್ಟೆಯಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಚೂರೇ ದೂರದಲ್ಲಿಟ್ಟು “ಹೊಡಿಯಪ್ಪ ಸೆಲ್ಫು” ಎಂದರು. ಕಿಡಿ ಹಾರಲಿಲ್ಲ. “ಕರೆಂಟ್ ಬರ್ತಿಲ್ಲ.”

ಅಲ್ಲಿ ಕಿಡಿ ಹಾರಿದ್ದರೆ ಕಾಯಿಲ್‌ವರೆಗೆ ಎಲ್ಲ ಸರಿಯಿದೆ, ತೊಂದರೆ ಮುಚ್ಚಳ, ರೋಟರ್, ಪ್ಲಗ್ ವೈರು ಅಥವಾ ಪ್ಲಗ್ಗಿನಲ್ಲಿದೆ ಎಂದರ್ಥ. ಹಾರಲಿಲ್ಲವಾದ್ದರಿಂದ ಅವರು ಹಿಂದಕ್ಕೆ ಹುಡುಕಿದರು. ಎರಡು ವೈರು ಕಟ್ಟಿದ ಪುಟ್ಟ ಬಲ್ಬು ತೆಗೆದು ಒಂದು ವೈರನ್ನು ಬಾಡಿಗೆ, ಇನ್ನೊಂದನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತುದಿಗೆ ಮುಟ್ಟಿಸಿದರು. ಸೆಲ್ಫ್ ಹೊಡೆದಾಗ ಬಲ್ಬು ಮಿಣುಕಬೇಕು. ಅದು ಒಂದೇ ಸಮ ಉರಿಯಿತು. ಅಂದರೆ ಕಾಯಿಲ್ ದಾಟಿ ಕರೆಂಟ್ ಬರುತ್ತಿದೆ, ಆದರೆ ಪಾಯಿಂಟುಗಳು ಕೂಡುತ್ತಿಲ್ಲ.

ಈ ಪಾಯಿಂಟುಗಳ ಕೆಲಸವೇ ಸೊಗಸು. ಅವು ಕೂಡಿದಾಗ ಕಾಯಿಲ್‌ನ ಮೊದಲ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಬೇರ್ಪಟ್ಟ ಕ್ಷಣ ಆ ಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳ ಎರಡನೆಯ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ನಾಲ್ಕು ಸಿಲಿಂಡರಿನ ಜೀಪು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಇದು 4000 ಬಾರಿ ನಡೆಯಬೇಕು. ಮಲೆನಾಡಿನ ತೇವದಲ್ಲಿ ನಿಂತ ಗಾಡಿಯ ಪಾಯಿಂಟುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿದರೆ ಸಾಕು, ಎಲ್ಲ ಮುಗಿಯಿತು. ಅವರು ಬೆಂಕಿಪೊಟ್ಟಣದ ಗೀರುವ ಬದಿ ಹರಿದು ಪಾಯಿಂಟುಗಳ ನಡುವೆ ನಾಲ್ಕು ಸಲ ಎಳೆದರು, ಮುಚ್ಚಳದ ಒಳಗಿನ ಬೆವರು ಒರೆಸಿದರು. ವಿಲ್ಲೀಸ್ ಜೀಪಿನ ಕೈಪಿಡಿ ಪಾಯಿಂಟ್ ಸಂದು 0.020 ಇಂಚು ಇರಬೇಕೆನ್ನುತ್ತದೆ, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅವರು ಉಗುರು ತೂರಿಸಿ ನೋಡಿ ಸರಿ ಎಂದರು. ಈ ಸಲ ನೀಲಿ ಕಿಡಿ ಚಟ್ಟೆಂದಿತು.

ಈ ಏರ್ಪಾಡು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ್ದು, 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು. ಎರಡನೆಯ ಮಹಾಯುದ್ಧದ ಜೀಪಿನಲ್ಲೂ ಇದ್ದದ್ದು ಇದೇ. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಹುಟ್ಟಿ ಸ್ಪಾರ್ಕ್ ಪ್ಲಗ್ ಇಲ್ಲೇ ತಯಾರಾಗುವಂತಾಯಿತು. 1961ರ ಹೊತ್ತಿಗೆ ಮೈಸೂರಿನಿಂದ ಜಾವಾ ಬೈಕುಗಳು ಹೊರಬಂದವು. ನಮ್ಮ ಮೆಕ್ಯಾನಿಕ್ ಪಾಯಿಂಟ್ ಉಜ್ಜಲು ಕಲಿತದ್ದು ಜಾವಾದಲ್ಲೇ ಅಂತೆ. ಆಮೇಲೆ ತೋಟಗಳಿಗೆ ಡೀಸೆಲ್ ಜೀಪು ಬಂತು. ಡೀಸೆಲ್ ಇಂಜಿನ್ ಒತ್ತಡದ ಬಿಸಿಗೇ ಹತ್ತಿಕೊಳ್ಳುತ್ತದೆ, ಅದಕ್ಕೆ ಕಿಡಿಯೇ ಬೇಡ. (ತಮಾಷೆಯೆಂದರೆ ಡೀಸೆಲ್ ಪಂಪು ಮಾಡಿದ್ದೂ ಅದೇ ಮೈಕೋ.) ಇಂದಿನ ಪೆಟ್ರೋಲ್ ಕಾರುಗಳಲ್ಲಿ ಪಾಯಿಂಟ್ ಇಲ್ಲ. ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ರೋಗಲಕ್ಷಣ ಮಾತ್ರ ಅದೇ, ಇಂಜಿನ್ ತಿರುಗುತ್ತದೆ, ಕಿಡಿ ಬರುವುದಿಲ್ಲ. ಬೆಂಕಿಪೊಟ್ಟಣದಿಂದ ಅದು ಸರಿಹೋಗದು.

ನನ್ನ ಆಕರಗಳಲ್ಲಿ ಇದ್ಯಾವುದೂ ಇಲ್ಲ. ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಎನಿಸಿಕೊಂಡಿದ್ದ ಕಾಲದ ಪ್ಲಾಂಟರ್ ರಾಬರ್ಟ್ ಎಚ್. ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬಗ್ಗೆ ದಪ್ಪ ಪುಸ್ತಕವನ್ನೇ ಪ್ರಕಟಿಸಿದ. ತೋಟದ ಇತಿಹಾಸ ಬರೆಯುವ ನಾವೆಲ್ಲ ಅವನನ್ನು ಉಲ್ಲೇಖಿಸುತ್ತೇವೆ. ಮಳೆಯಲ್ಲಿ ಆಸ್ಪತ್ರೆಗೆ ಹೊರಟ ಜೀಪನ್ನು ಹೊರಡಿಸಿದವರು ಏನನ್ನೂ ಬರೆದಿಡಲಿಲ್ಲ.

ಕಾಫಿ ಕುಡಿಯುತ್ತಾ ಅವರು ನನ್ನ ಓದಿನ ವಿಷಯ ಕೇಳಿದರು. ಹೇಳಿದೆ. ತಾವು ಹತ್ತು ಮಳೆಗಾಲ ಕೆಲಸ ಮಾಡಿಕೊಟ್ಟ ತೋಟದ ಹೆಸರು ಹೇಳಿ, “ಆ ಪುಸ್ತಕ ನೋಡಿದೀರಾ? ನನ್ ಹೆಸ್ರದ್ಯಾ ಅದ್ರಲ್ಲಿ?” ಎಂದರು.

ಆ ಪುಸ್ತಕದ ಫೋಟೋಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ರಾತ್ರಿ ಕೂತು ಆ ಹತ್ತು ವರ್ಷಗಳ ಜೂನ್, ಜುಲೈ, ಆಗಸ್ಟ್ ಪುಟಗಳನ್ನು ತಿರುವಿದೆ. ಜೀಪು ರಿಪೇರಿ ಎಂದಿದೆ, ಮೊತ್ತವಿದೆ, ಕೆಳಗೆ ತೋಟದ ರೈಟರ್ ಸಹಿ ಇದೆ.