ಹೊಸೆದ ತಂತಿಯ ಚರಿತ್ರೆ

ನಮ್ಮ ಸೀಮೆಯಲ್ಲಿ ‘ತಂತಿ’ ಎಂಬ ಮಾತಿಗೆ ಒಂದು ಕಾಲಕ್ಕೆ ಎದೆ ನಡುಗುತ್ತಿತ್ತು. ‘ತಂತಿ ಬಂದಿದೆ’ ಎಂದೊಡನೆ, ಲಕೋಟೆ ಒಡೆಯುವ ಮೊದಲೇ ಮನೆಯ ಹೆಂಗಸರು ಅಳಲಾರಂಭಿಸುತ್ತಿದ್ದುದುಂಟು. 2013ರ ಜುಲೈ 14ರ ರಾತ್ರಿ ಆ ಸೇವೆಯು ದೇಶದಾದ್ಯಂತ ನಿಂತುಹೋಯಿತು. ಆದರೆ ತಂತಿ ನಮ್ಮನ್ನು ಬಿಟ್ಟು ಹೋಗಲಿಲ್ಲ. ಕಂಬದಿಂದ ಇಳಿದು ಮನೆಯ ಗೋಡೆಯೊಳಗೆ ಸೇರಿಕೊಂಡಿದೆ, ಅಷ್ಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಮನೆಗೆ ವೇಗದ ಅಂತರ್ಜಾಲ ಹಾಕಿಸಿಕೊಂಡು, ‘ದುಡ್ಡು ಕೊಟ್ಟ ವೇಗ ಬರುತ್ತಿಲ್ಲ ಮೇಷ್ಟ್ರೇ’ ಎಂದು ಹೇಳುವುದನ್ನು ಕೇಳಿದಾಗಲೆಲ್ಲ, ಈ ತಂತಿಯ ಹಿಂದಿನ ಕಥೆಯನ್ನು ಬರೆಯಬೇಕೆನಿಸುತ್ತಿತ್ತು.

ಹಳೆಯ ಟೆಲಿಗ್ರಾಫ್ ಕಂಬಗಳ ಮೇಲೆ ಒಂದು ಸಂಪರ್ಕಕ್ಕೆ ಒಂದೇ ಕಬ್ಬಿಣದ ತಂತಿ ಸಾಕಾಗಿತ್ತು. ವಿದ್ಯುತ್ತು ಹಿಂದಿರುಗುವ ದಾರಿ ಭೂಮಿಯೇ. ಕಟ್ಟು-ಕಡ ಸದ್ದಿಗೆ ಅದು ನಡೆಯಿತು. ಆದರೆ ಅದೇ ಏರ್ಪಾಟಿನಲ್ಲಿ ದೂರವಾಣಿ ಮಾತನಾಡಿದಾಗ ಪಕ್ಕದ ತಂತಿಗಳ ಗೊರಗೊರ ಶಬ್ದವೆಲ್ಲ ಕಿವಿಗೆ ಬಂದು ಬಡಿಯಿತು. ಪರಿಹಾರವನ್ನು 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನೇ ಪೇಟೆಂಟು ಮಾಡಿಸಿದ: ಎರಡು ತಂತಿಗಳನ್ನು ದೀಪದ ಬತ್ತಿಯಂತೆ ಒಂದಕ್ಕೊಂದು ಹೊಸೆದುಬಿಡುವುದು. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗುತ್ತದೆ. ಆಚೆಯ ತುದಿಯ ಯಂತ್ರ ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಆದ್ದರಿಂದ ಗದ್ದಲ ತಾನಾಗಿ ಕಳೆದುಹೋಗುತ್ತದೆ. ಒಂದು ಲೆಕ್ಕದ ಎರಡೂ ಬದಿಯಿಂದ ಒಂದೇ ಸಂಖ್ಯೆಯನ್ನು ಕಳೆದಂತೆ. ಇಷ್ಟು ಸರಳವಾದ ಉಪಾಯ ನೂರನಲವತ್ತು ವರ್ಷ ದಾಟಿಯೂ ಬಾಳಿಕೊಂಡು ಬಂದಿರುವುದು ನನಗೆ ಇಂದಿಗೂ ಆಶ್ಚರ್ಯ.

ಹಾಸನಕ್ಕೆ ಈ ಚರಿತ್ರೆಯಲ್ಲಿ ವಿಚಿತ್ರವಾದ ಸ್ಥಾನವಿದೆ. 1982ರಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇಲ್ಲಿ ಸ್ಥಾಪನೆಯಾಗಿ, ಭೂಮಿಯಿಂದ 36,000 ಕಿಲೋಮೀಟರ್ ಎತ್ತರದ ಇನ್ಸಾಟ್ ಉಪಗ್ರಹಗಳಿಗೆ ಆಜ್ಞೆಗಳು ನಮ್ಮೂರಿನಿಂದಲೇ ಹೋಗತೊಡಗಿದವು. ಅದೇ ದಿನಗಳಲ್ಲಿ ತಾಲ್ಲೂಕಿನ ಪೇಟೆಗಳಲ್ಲಿ ಜನ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದರು! ಹಳ್ಳಿಗಳ ಬಾಗಿಲು ತೆರೆದದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ರೂಪಿಸಿದ ಪುಟ್ಟ ಸ್ವಯಂಚಾಲಿತ ವಿನಿಮಯ ಕೇಂದ್ರ. ಹವಾನಿಯಂತ್ರಣವಿಲ್ಲದೆಯೂ ನಡೆಯುವ ಈ ಯಂತ್ರ ಮೊದಲು ಕೂತದ್ದು 1986ರಲ್ಲಿ, ನಮ್ಮದೇ ನಾಡಿನ ಕಿತ್ತೂರಿನಲ್ಲಿ. ಮುಂದೆ ಎಸ್.ಟಿ.ಡಿ. ಸಂಖ್ಯೆಗಳು ಬಂದವು: ಹಾಸನಕ್ಕೆ 08172, ಚನ್ನರಾಯಪಟ್ಟಣಕ್ಕೆ 08176, ಹೊಳೆನರಸೀಪುರ-ಅರಕಲಗೂಡುಗಳೆರಡಕ್ಕೂ ಸೇರಿ 08175. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಗುಣಾಕಾರದ ಮಗ್ಗಿಗಿಂತ ಇವು ಚೆನ್ನಾಗಿ ಬಾಯಿಗೆ ಬರುತ್ತಿದ್ದವು. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದಾಗಲೂ ಓಡಿದ್ದು ಅದೇ ಹೊಸೆದ ತಾಮ್ರದ ಜೋಡಿಯ ಮೇಲೆಯೇ. ಆಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ‘ಬ್ರಾಡ್‌ಬ್ಯಾಂಡ್’.

ಈಗ ಬೀದಿಯಲ್ಲಿ ಗಾಜಿನ ಎಳೆ, ಅಂದರೆ ಫೈಬರ್ ಬಂದಿದೆ. ಆದರೆ ಹೊಸ್ತಿಲು ದಾಟಿದ ಮೇಲೆ? ನಮ್ಮ ಕಡೆಯ ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆಗಳನ್ನು ವೈಫೈ ಅಲೆಗಳು ಸುಲಭವಾಗಿ ದಾಟಲಾರವು. ಅಲ್ಲಿಗೆ ತಂತಿಯೇ ಗತಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಕಲ್ಪಿಸಿದ ಈಥರ್ನೆಟ್ ಮೊದಲು ದಪ್ಪ ಕೇಬಲ್ಲಿನ ಮೇಲಿತ್ತು. 1990ರಲ್ಲಿ ಅದು ದೂರವಾಣಿಯ ಹೊಸೆದ ತಂತಿಗೆ ಇಳಿಯಿತು. 1999ರಲ್ಲಿ ನಾಲ್ಕು ಜೋಡಿಗಳನ್ನೂ ಬಳಸಿ ಸೆಕೆಂಡಿಗೆ 1000 ಮೆಗಾಬಿಟ್ ಮುಟ್ಟಿತು.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಅರಕಲಗೂಡಿನ ಸಮೀಪದ ಹಳ್ಳಿಗೆ ಮರಳಿದ ಹಳೆಯ ಶಿಷ್ಯನೊಬ್ಬನ ಪ್ರಸಂಗವನ್ನು ಇಲ್ಲಿ ಹೇಳಬೇಕು. ಪಡಸಾಲೆಯ ರೂಟರಿನಿಂದ ಅಟ್ಟದ ಮೇಲೆ ಹಾಯಿಸಿ ಹಿತ್ತಲಕಡೆಯ ಕೋಣೆಗೆ ತಂತಿ ಎಳೆಸಿದ್ದ. ಎಳೆದವನು ಪರೀಕ್ಷಕ ಪೆಟ್ಟಿಗೆ ಹಿಡಿದು ಎಂಟೂ ದೀಪಗಳು ಹತ್ತುವುದನ್ನು ತೋರಿಸಿಯೇ ಹೋಗಿದ್ದ. ಆದರೂ ಕಚೇರಿಯ ಸಭೆಗಳಲ್ಲಿ ಇವನ ಮಾತು ತುಂಡುತುಂಡು. ‘ನಿನ್ನ ಸಂಪರ್ಕ ಹೀಗೇ ಇದ್ದರೆ ಕಷ್ಟ’ ಎಂದು ಮೇಲಿನವರು ಎರಡು ಬಾರಿ ಎಚ್ಚರಿಸಿದ್ದರು. ಮದುವೆಗೆ ನಿಂತ ತಂಗಿ, ಬ್ಯಾಂಕಿನ ಸಾಲ. ಕೆಲಸ ಹೋದರೆ ಮನೆಯೇ ಕುಸಿಯುವಂತಿತ್ತು.

ದೋಷವಿದ್ದುದು ಪ್ಲಗ್ಗಿನಲ್ಲಿ. ಬೆಳಕಿಗೆ ಹಿಡಿದು ನೋಡಿದಾಗ ಬಣ್ಣಗಳು ಜೋಡಿಜೋಡಿಯಾಗಿ ಅಕ್ಕಪಕ್ಕ, ಬಲು ಅಂದವಾಗಿ ಕೂತಿದ್ದವು. ಆ ಅಂದವೇ ತಪ್ಪು. ದೂರವಾಣಿಯ ಕಾಲದ ರೂಢಿಯಂತೆ ನಡುವಣ 4 ಮತ್ತು 5ನೆಯ ಸ್ಥಾನಗಳು ನೀಲಿ ಜೋಡಿಗೆ ಮೀಸಲು. ಅದನ್ನು ದಾಟಿಕೊಂಡು 3 ಮತ್ತು 6ರಲ್ಲಿ ಹಸಿರು ಜೋಡಿ ಕೂರಬೇಕು. ಸಾಲಾಗಿ ಕೂರಿಸಿದರೆ 3 ಮತ್ತು 6ರಲ್ಲಿ ಎರಡು ಬೇರೆ ಬೇರೆ ಜೋಡಿಗಳ ತಂತಿಗಳು ಸೇರಿ, ಬೆಲ್ಲನ ಹೊಸೆತ ವ್ಯರ್ಥವಾಗುತ್ತದೆ. ದೀಪದ ಪೆಟ್ಟಿಗೆಗೆ ಇದು ತಿಳಿಯದು: ತಂತಿ ತುಂಡಾಗಿಲ್ಲವೆಂದಷ್ಟೇ ಅದು ಹೇಳಬಲ್ಲದು. ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ಗು ಒತ್ತಿದ ಮೇಲೆ, ಅದುವರೆಗೆ 100 ತೋರಿಸುತ್ತಿದ್ದ ಗಣಕಯಂತ್ರ 1000 ತೋರಿಸಿತು. ಅವನ ಕೆಲಸ ಉಳಿಯಿತು.

ಕ್ರಮವನ್ನು ಬರೆದಿಡುತ್ತೇನೆ: ಕಿತ್ತಳೆ ಗೆರೆಯ ಬಿಳಿ, ಕಿತ್ತಳೆ, ಹಸಿರು ಗೆರೆಯ ಬಿಳಿ, ನೀಲಿ, ನೀಲಿ ಗೆರೆಯ ಬಿಳಿ, ಹಸಿರು, ಕಂದು ಗೆರೆಯ ಬಿಳಿ, ಕಂದು. ತುದಿಯಲ್ಲಿ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಒಂದು ಓಟ 100 ಮೀಟರ್ ಮೀರಕೂಡದು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ; ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಹಿಂದಿರುಗಿಸಿ.

ಪರೀಕ್ಷೆಯನ್ನು ಅಂತರ್ಜಾಲದ ವೇಗ ನೋಡಿ ಮಾಡಿದರೆ ತಪ್ಪು ಮನೆಯದೋ ಬೀದಿಯದೋ ತಿಳಿಯುವುದಿಲ್ಲ. ಮನೆಯಲ್ಲೇ ಎರಡು ಗಣಕಗಳ ನಡುವೆ ‘ಐಪರ್ಫ್’ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ. ಸುಮಾರು 940 ಮೆಗಾಬಿಟ್ ಬಂದರೆ ತಂತಿ ನಿರ್ದೋಷಿ. ಆಗ ಸೇವೆ ಕೊಡುವವರನ್ನು ಧೈರ್ಯವಾಗಿ ಕೇಳಬಹುದು. 94ರ ಆಸುಪಾಸಿನಲ್ಲೇ ನಿಂತರೆ ಯಾವುದೋ ಜೋಡಿ ಸೋತಿದೆ, ಇಲ್ಲವೇ ನಡುವೆ ಹಳೆಯ ಸ್ವಿಚ್ಚು ಕೂತಿದೆ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಮನೆಯಿಂದ ಪಂಪ್‌ಹೌಸಿಗೋ ಕೊಟ್ಟಿಗೆಗೋ ಬಯಲಿನಲ್ಲಿ ತಾಮ್ರವನ್ನು ಎಳೆಯಬೇಡಿ, ಅಲ್ಲಿಗೆ ಫೈಬರ್ ಎಳೆಯಿರಿ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಹೊಡೆತ ಆ ತಾಮ್ರದಲ್ಲೇ ಹರಿದು ಬಂದು ರೂಟರನ್ನೂ ಗಣಕವನ್ನೂ ಒಟ್ಟಿಗೆ ಸುಡುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ.